ಸ್ಟಾರ್ಟಪ್ ಕೆಲಸದ ಸೈಟುಗಳು, ನಮ್ಮ ತಾಳದ ಆಟ, ಆಡಿದವರು ಹೇಳಿದ ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮತ್ತು ನನ್ನ ಗೆಳೆಯ ಸೇರಿ ಬ್ರೌಸರ್‌ನಲ್ಲಿ ಆಡುವ ಒಂದು ಚಿಕ್ಕ ಸಂಗೀತದ ಆಟ ಮಾಡಿದೆವು. ಹಿಂದೆ ತಂಬೂರಿ ಶ್ರುತಿ ಕೇಳುತ್ತಿರುತ್ತದೆ, ಪರದೆ ಮೇಲೆ ಎಂಟು ಎಣಿಕೆಯ ಆದಿತಾಳ ಓಡುತ್ತದೆ, ನೀವು ಸರಿಯಾದ ಕ್ಷಣಕ್ಕೆ ತಟ್ಟಬೇಕು. ಅಷ್ಟೇ ಆಟ. ಆಮೇಲೆ ಆ ಆಟದ ದೆಸೆಯಿಂದಲೇ ನನಗೆ ಬೆಂಗಳೂರಿನ ಒಂದು ಸಣ್ಣ ಸ್ಟಾರ್ಟಪ್‌ನಲ್ಲಿ ಕೆಲಸ ಸಿಕ್ಕಿತು. ಇದು ಗೊತ್ತಾದ ಮೇಲೆ ಕಾಲೇಜಿನ ಜೂನಿಯರ್‌ಗಳು, ಊರಿನ ಕಡೆಯವರು, ಆಟ ಆಡಿದವರು ಎಲ್ಲರೂ ಮೆಸೇಜ್ ಮಾಡಿ ಕೇಳುತ್ತಾರೆ. ಅರ್ಧ ಜನ ಕೇಳುವುದು ಕೆಲಸ ಹುಡುಕುವ ಸೈಟುಗಳ ಬಗ್ಗೆ, ಉಳಿದರ್ಧ ಜನ ಆಟಕ್ಕೆ ಫೀಡ್‌ಬ್ಯಾಕ್ ಹೇಗೆ ತೆಗೆದುಕೊಂಡಿರಿ ಅಂತ. ನನ್ನ ಪಾಲಿಗೆ ಎರಡೂ ಒಂದೇ ಕಥೆ, ಅದಕ್ಕೇ ಒಟ್ಟಿಗೆ ಬರೆಯುತ್ತಿದ್ದೇನೆ.

ಸ್ಟಾರ್ಟಪ್ ಕೆಲಸ ಎಲ್ಲಿ ಹುಡುಕಲಿ?

ಮೊದಲು ವೆಲ್‌ಫೌಂಡ್ ನೋಡಿ. 2010ರಲ್ಲಿ ಶುರುವಾದ ಏಂಜಲ್‌ಲಿಸ್ಟ್‌ನ ಕೆಲಸದ ವಿಭಾಗ ಇದು, 2022ರಲ್ಲಿ ಹೆಸರು ಬದಲಾಯಿತು. ಹಳೆಯ ಹೆಸರು ಹೇಳುವವರು ಇನ್ನೂ ಇದ್ದಾರೆ, ಗಲಿಬಿಲಿ ಬೇಡ. ಇಲ್ಲಿ ಬಹಳಷ್ಟು ಜಾಹೀರಾತುಗಳಲ್ಲಿ ಸಂಬಳ ಎಷ್ಟರಿಂದ ಎಷ್ಟರವರೆಗೆ, ಷೇರು ಎಷ್ಟು ಅಂತ ಮೊದಲೇ ಬರೆದಿರುತ್ತಾರೆ. ನನಗೆ ಇದು ತುಂಬಾ ಇಷ್ಟವಾದ ವಿಷಯ, ಏಕೆಂದರೆ ನಾಲ್ಕು ಸುತ್ತು ಇಂಟರ್ವ್ಯೂ ಮುಗಿಸಿ ಕೊನೆಗೆ ಸಂಬಳ ಕೇಳಿ ಪೆಚ್ಚಾಗುವ ಪಾಡು ತಪ್ಪುತ್ತದೆ.

ಎರಡನೆಯದು ವರ್ಕ್ ಅಟ್ ಎ ಸ್ಟಾರ್ಟಪ್. 2005ರಿಂದ ಸ್ಟಾರ್ಟಪ್‌ಗಳಿಗೆ ಹಣ ಹಾಕುತ್ತಿರುವ ವೈ ಕಾಂಬಿನೇಟರ್ ನಡೆಸುವ ಸೈಟು. ಒಂದೇ ಪ್ರೊಫೈಲ್ ತುಂಬಿದರೆ ಅವರು ಹಣ ಹಾಕಿದ ಬೇರೆ ಬೇರೆ ಕಂಪನಿಗಳಿಗೆ ಅದರಿಂದಲೇ ಅರ್ಜಿ ಹಾಕಬಹುದು. ಭಾರತದ ಕಂಪನಿಗಳೂ ಇರುತ್ತವೆ, ಮನೆಯಿಂದ ಮಾಡುವ ಕೆಲಸಗಳೂ ಇರುತ್ತವೆ. ಇವರದೇ ಚರ್ಚೆಯ ಸೈಟು ಹ್ಯಾಕರ್ ನ್ಯೂಸ್‌ನಲ್ಲಿ ಪ್ರತಿ ತಿಂಗಳ ಶುರುವಿನಲ್ಲಿ "ಯಾರು ಜನರನ್ನು ತೆಗೆದುಕೊಳ್ಳುತ್ತಿದ್ದಾರೆ" ಎಂಬ ಪಟ್ಟಿ ಬರುತ್ತದೆ. ಅಲ್ಲಿ ಎಷ್ಟೋ ಸಲ ಕಂಪನಿ ಶುರು ಮಾಡಿದವರೇ ಬರೆಯುತ್ತಾರೆ, ಹಾಗಾಗಿ ನಿಮ್ಮ ಇಮೇಲ್ ನೇರ ಅವರಿಗೇ ಹೋಗುತ್ತದೆ.

ನಮ್ಮಲ್ಲಿಯ ಸೈಟುಗಳಲ್ಲಿ ಇನ್‌ಸ್ಟಾಹೈರ್, ಕಟ್‌ಶಾರ್ಟ್ ನೋಡಿ. ಓದುತ್ತಿರುವವರಾದರೆ ಇಂಟರ್ನ್‌ಶಾಲಾ. ಇನ್ನೊಂದು ದಾರಿ ಜಾಸ್ತಿ ಜನಕ್ಕೆ ಗೊತ್ತಿಲ್ಲ: ಆಕ್ಸೆಲ್, ಪೀಕ್ ಎಕ್ಸ್‌ವಿ ಥರದ ಹಣ ಹೂಡುವ ಸಂಸ್ಥೆಗಳು ತಾವು ಹಣ ಹಾಕಿದ ಕಂಪನಿಗಳ ಕೆಲಸಗಳನ್ನೆಲ್ಲ ತಮ್ಮದೇ ಒಂದು ಪುಟದಲ್ಲಿ ಹಾಕಿರುತ್ತವೆ. ಆ ಪುಟದಲ್ಲಿರುವ ಕಂಪನಿಗೆ ಯಾರೋ ಒಬ್ಬರು ಪರಿಶೀಲಿಸಿ ಹಣ ಕೊಟ್ಟಿದ್ದಾರೆ ಅನ್ನುವಷ್ಟಾದರೂ ಖಾತ್ರಿ ಇರುತ್ತದೆ.

ನೌಕ್ರಿ, ಲಿಂಕ್ಡ್‌ಇನ್ ಸಾಲದಾ?

ಇರಲಿ, ತೆಗೆಯಬೇಡಿ. ನೌಕ್ರಿ 1997ರಿಂದ ಇದೆ, ಲಿಂಕ್ಡ್‌ಇನ್ 2003ರಿಂದ. ಎಚ್‌ಆರ್‌ಗಳು ಇರುವುದೇ ಅಲ್ಲಿ. ಆದರೆ ಹತ್ತು ಜನರ ಕಂಪನಿಯಲ್ಲಿ ಎಚ್‌ಆರೇ ಇರುವುದಿಲ್ಲ, ಅರ್ಜಿ ನೋಡುವುದು ಕೋಡ್ ಬರೆಯುತ್ತಿರುವ ಮನುಷ್ಯನೇ. ಅವನಿಗೆ ನಿಮ್ಮ ಡಿಗ್ರಿಯ ಶೇಕಡಾವಾರು ಅಂಕಕ್ಕಿಂತ "ಇದನ್ನು ನಾನು ಮಾಡಿದೆ, ಇಲ್ಲಿ ಒತ್ತಿ ನೋಡಿ" ಅನ್ನುವ ಒಂದು ಲಿಂಕ್ ಜಾಸ್ತಿ ಹೇಳುತ್ತದೆ.

ಗೇಮ್ ಕಂಪನಿಯಲ್ಲೇ ಕೆಲಸ ಬೇಕು ಅಂದರೆ?

ಹಿಟ್‌ಮಾರ್ಕರ್, ವರ್ಕ್ ವಿತ್ ಇಂಡೀಸ್ ಎಂಬ ಎರಡು ಸೈಟುಗಳು ಗೇಮ್ ಕೆಲಸಗಳಿಗೇ ಮೀಸಲು. ಹೆಚ್ಚಿನ ಕೆಲಸ ಹೊರದೇಶದವು, ವೀಸಾ ವಿಷಯ ಓದಿಕೊಂಡು ಅರ್ಜಿ ಹಾಕಿ. ನಮ್ಮ ರಾಜ್ಯದ ಮಾತು ಹೇಳುವುದಾದರೆ, ಅನಿಮೇಷನ್ ಮತ್ತು ಗೇಮಿಂಗ್‌ಗೆ ಅಂತಲೇ 2012ರಲ್ಲಿ ಕರ್ನಾಟಕ ಒಂದು ನೀತಿ ತಂದಿತ್ತು, ಈಗ 2024ರಿಂದ 2029ರವರೆಗಿನ ಹೊಸ ನೀತಿ ಇದೆ. ಬೆಂಗಳೂರಿನಲ್ಲಿ ಗೇಮ್ ಸ್ಟುಡಿಯೋಗಳು ಇದ್ದೇ ಇವೆ.

ಆ ಪುಟ್ಟ ಆಟಕ್ಕೂ ನಿಮಗೆ ಕೆಲಸ ಸಿಕ್ಕಿದ್ದಕ್ಕೂ ಏನು ಸಂಬಂಧ?

ನೇರ ಸಂಬಂಧ. ಇಂಟರ್ವ್ಯೂ ದಿನ ಆ ಕಂಪನಿಯ ಫೌಂಡರ್ ನನ್ನ ರೆಸ್ಯೂಮೆಯಲ್ಲಿದ್ದ ಲಿಂಕ್ ಒತ್ತಿ ತಮ್ಮ ಫೋನಿನಲ್ಲೇ ಆಟ ತೆರೆದರು. ಶುರುವಿನಲ್ಲೇ ಒಂದು ಪರದೆ ಬಂತು: "ಇಯರ್‌ಫೋನ್ ಹಾಕಿದ್ದರೆ ಹಾಗೇ ಇಟ್ಟುಕೊಂಡು, ಟಕ್ ಅಂದಾಗಲೆಲ್ಲ 16 ಸಲ ತಟ್ಟಿ". ಇದು ಯಾಕೆ ಅಂತ ಕೇಳಿದರು. ಯಾರು ಏನು ಹೇಳಿದ್ದರಿಂದ ಆ ಪರದೆ ಬಂತು, ಮೊದಲು ನಾವು ಏನು ತಪ್ಪು ತಿಳಿದಿದ್ದೆವು, ಸರಿ ಮಾಡಿದ ಮೇಲೆ ಏನಾಯಿತು ಅಂತ ಹೇಳುತ್ತಾ ಹೋದೆ. ಸುಮಾರು ಅರ್ಧ ಗಂಟೆ ಅದೇ ಮಾತಾಯಿತು. ಉಳಿದ ಪ್ರಶ್ನೆಗಳನ್ನು ಅವರು ಹೆಚ್ಚು ಕೇಳಲೇ ಇಲ್ಲ.

ಸ್ಟಾರ್ಟಪ್‌ನಲ್ಲಿ ದಿನಾ ಮಾಡುವ ಕೆಲಸ ಇದೇ ಅಲ್ವಾ? ಬಳಸುವವರು ಏನೋ ಒಂದು ಹೇಳುತ್ತಾರೆ, ಅದರ ಹಿಂದೆ ಇರುವ ನಿಜವಾದ ತೊಂದರೆ ಹುಡುಕಬೇಕು, ಸರಿ ಮಾಡಬೇಕು, ಮತ್ತೆ ಅವರನ್ನೇ ಕೇಳಬೇಕು. ಇದು ನಿಮಗೆ ಬರುತ್ತದೆ ಅಂತ ತೋರಿಸಲು ಆಟ ದೊಡ್ಡದಿರಬೇಕಿಲ್ಲ. ಆಡಿದವರು 50 ಜನ ಇದ್ದರೂ ಸಾಕು, ಅವರ ಮಾತು ನೀವು ಕೇಳಿರಬೇಕು.

ಹಾಗಾದರೆ ಆ ತೊಂದರೆ ಏನಾಗಿತ್ತು? ನಮ್ಮ ಆಟಕ್ಕೂ "ತಾಳ ತಪ್ಪುತ್ತಿದೆ" ಅಂತ ಬರೆಯುತ್ತಾರೆ.

ಸಂಗೀತದ ಆಟ ಮಾಡಿದ ಪ್ರತಿಯೊಬ್ಬರೂ ಈ ಮಾತು ಕೇಳಿರುತ್ತಾರೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲ ವಾರ ಕೆಲವರು "ಸೂಪರ್" ಅಂದರು, ಕೆಲವರು "ಆಟ ಮೋಸ, ಸರಿಯಾಗಿ ತಟ್ಟಿದರೂ ತಪ್ಪು ತೋರಿಸುತ್ತೆ" ಅಂದರು. ತಪ್ಪು ತಟ್ಟುತ್ತಿದ್ದಾರೆ, ಅಭ್ಯಾಸ ಇಲ್ಲ ಅಂದುಕೊಂಡು ಸುಮ್ಮನಿದ್ದೆವು. ಹಾಗೆ ಸುಮ್ಮನಿದ್ದದ್ದು ತಪ್ಪು. ಶಿವಮೊಗ್ಗದ ಒಬ್ಬ ಹುಡುಗಿ, ಹತ್ತು ವರ್ಷ ಸಂಗೀತ ಕಲಿತವಳು, ಅವಳೂ ಅದೇ ಮಾತು ಬರೆದಾಗ ಮಾತ್ರ ಎಚ್ಚರವಾಯಿತು. ಯಾವ ಫೋನು, ಯಾವ ಇಯರ್‌ಫೋನು ಅಂತ ಎಲ್ಲರನ್ನೂ ಕೇಳಿದೆವು. ದೂರಿದವರಲ್ಲಿ ಬಹುತೇಕ ಎಲ್ಲರೂ ಬ್ಲೂಟೂತ್ ಹಾಕಿದ್ದರು.

ಲೆಕ್ಕ ಹೀಗಿದೆ. ತಾಳದ ಒಂದು ಎಣಿಕೆಗೆ ಅಕ್ಷರ ಅನ್ನುತ್ತಾರೆ. ನಿಮಿಷಕ್ಕೆ 80 ಅಕ್ಷರದ ಕಾಲದಲ್ಲಿ ಒಂದು ಅಕ್ಷರಕ್ಕೆ 750 ಮಿಲಿಸೆಕೆಂಡ್. ಚತುರಶ್ರ ನಡೆ ಆದ್ದರಿಂದ ಅದರೊಳಗೆ "ತ ಕ ಧಿ ಮಿ" ಅಂತ ನಾಲ್ಕು ಭಾಗ, ಒಂದೊಂದಕ್ಕೆ ಸುಮಾರು 187 ಮಿಲಿಸೆಕೆಂಡ್. ಸಾಮಾನ್ಯ ಬ್ಲೂಟೂತ್ ಇಯರ್‌ಬಡ್‌ನಲ್ಲಿ ಶಬ್ದ ಕಿವಿಗೆ ತಲುಪಲು 200 ಮಿಲಿಸೆಕೆಂಡ್ ಆಸುಪಾಸು ತಡವಾಗುವುದು ಮಾಮೂಲು, ಕೆಲವದರಲ್ಲಿ ಕಡಿಮೆ, ಕೆಲವದರಲ್ಲಿ ಇನ್ನೂ ಜಾಸ್ತಿ. ಅಂದರೆ ಆಟ "ತ" ಅಂದಿದ್ದು ಕಿವಿಗೆ ಬೀಳುವ ಹೊತ್ತಿಗೆ ಆಟದ ಗಡಿಯಾರ "ಕ" ದಾಟಿರುತ್ತದೆ. ಪಾಪ, ಆಡುವವರು ಕಿವಿಗೆ ಕೇಳಿದಂತೆ ಸರಿಯಾಗೇ ತಟ್ಟುತ್ತಿದ್ದರು. ಸಿನಿಮಾ ನೋಡುವಾಗ ಇದು ಗೊತ್ತಾಗುವುದಿಲ್ಲ, ಏಕೆಂದರೆ ಫೋನು ಚಿತ್ರವನ್ನೂ ಅಷ್ಟೇ ತಡ ಮಾಡಿ ಹೊಂದಿಸುತ್ತದೆ. ಆಟದಲ್ಲಿ ನೀವು ಯಾವಾಗ ತಟ್ಟುತ್ತೀರಿ ಅಂತ ಫೋನಿಗೆ ಮೊದಲೇ ಹೇಗೆ ಗೊತ್ತಾಗಬೇಕು?

ಈ ತೊಂದರೆ ಹಳೆಯದು. ಟಿವಿಗೆ ಜೋಡಿಸಿ ಆಡುವ ಗಿಟಾರ್ ಆಟಗಳ ಕಾಲದಲ್ಲಿ ಹೊಸ ಚಪ್ಪಟೆ ಟಿವಿಗಳೇ ತಡ ಮಾಡುತ್ತಿದ್ದವು. 2008ರ ರಾಕ್ ಬ್ಯಾಂಡ್ 2 ಆಟದ ಗಿಟಾರಿನೊಳಗೆ ಬೆಳಕು ಮತ್ತು ಶಬ್ದ ಗ್ರಹಿಸುವ ಸೆನ್ಸರ್ ಇಟ್ಟು, ಟಿವಿ ಎದುರು ಹಿಡಿದರೆ ತಾನೇ ಅಳೆದುಕೊಳ್ಳುವ ಹಾಗೆ ಮಾಡಿದ್ದರು. 2007ರಿಂದ ಇರುವ ಓಸು ಎಂಬ ತಾಳದ ಆಟದಲ್ಲಿ ಆಫ್‌ಸೆಟ್ ಎಂಬ, ಶಬ್ದದ ತಡ ಸರಿದೂಗಿಸುವ ಸೆಟ್ಟಿಂಗ್ ಇರುವುದೂ ಇದಕ್ಕೇ.

ನಾವು ಮಾಡಿದ್ದು ಸುಲಭದ ಉಪಾಯ. 16 ಸಲ ತಟ್ಟಿಸಿ, ಪ್ರತಿ ಸಲದ ವ್ಯತ್ಯಾಸ ಬರೆದುಕೊಂಡು, ಅದರ ಮಧ್ಯಾಂಕ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಡುವೆ ಬರುವ ಸಂಖ್ಯೆ) ತೆಗೆದು ಅಷ್ಟನ್ನು ಕಳೆಯುವುದು. ಸರಾಸರಿ ತೆಗೆಯಬೇಡಿ. ಒಂದೇ ಒಂದು ಸಲ ಗಮನ ತಪ್ಪಿ ತಡವಾಗಿ ತಟ್ಟಿದರೂ ಸರಾಸರಿ ಕೆಡುತ್ತದೆ, ಮಧ್ಯಾಂಕ ಕೆಡುವುದಿಲ್ಲ. ಹಾಗೇ ತಾಳಕ್ಕೆ ಜಾವಾಸ್ಕ್ರಿಪ್ಟ್‌ನ ಸಾಮಾನ್ಯ ಟೈಮರ್ ನಂಬಬೇಡಿ, ಬ್ರೌಸರ್ ಬೇರೆ ಕೆಲಸದಲ್ಲಿದ್ದರೆ ಅದು ಜಾರುತ್ತದೆ. ಬ್ರೌಸರ್‌ನಲ್ಲಿ ಶಬ್ದಕ್ಕೆಂದೇ ಇರುವ ವೆಬ್ ಆಡಿಯೊದ ಸ್ವಂತ ಗಡಿಯಾರ ಬಳಸಿ.

ಕೆಲವರಿಗೆ ಶಬ್ದವೇ ಬರುತ್ತಿಲ್ಲವಂತೆ!

ಕ್ರೋಮ್ 2018ರಿಂದ, ಬಳಸುವವರು ಪುಟವನ್ನು ಒಮ್ಮೆ ಮುಟ್ಟುವ ತನಕ ಶಬ್ದ ಬಿಡುವುದಿಲ್ಲ. "ಶುರು ಮಾಡಿ" ಅಂತ ಒಂದು ಬಟನ್ ಇಟ್ಟು, ಅದನ್ನು ಒತ್ತಿದ ಮೇಲೆ ಆಡಿಯೊ ಎಬ್ಬಿಸಿ. ಐಫೋನ್‌ನವರಾದರೆ ಫೋನು ಸೈಲೆಂಟ್‌ನಲ್ಲಿದೆಯಾ ಅಂತ ನೋಡಲು ಹೇಳಿ.

ಆಟ ಎಲ್ಲಿ ಇಡಬೇಕು? ಪ್ಲೇ ಸ್ಟೋರ್‌ಗೇ ಹಾಕಲಾ?

ಮೊದಲು ಇಚ್ ಡಾಟ್ ಐಒ. ಖರ್ಚಿಲ್ಲ, ಬ್ರೌಸರ್‌ನಲ್ಲೇ ಆಡಬಹುದು, ಲಿಂಕ್ ಕಳಿಸಿದರೆ ಸಾಕು, ಯಾರೂ ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಅರ್ಜಿ ನೋಡುವವರು ಇನ್‌ಸ್ಟಾಲ್ ಮಾಡುವುದಿಲ್ಲ, ಅದು ನೆನಪಿರಲಿ.

ಪ್ಲೇ ಸ್ಟೋರ್‌ಗೆ ಒಮ್ಮೆ 25 ಡಾಲರ್ ಕಟ್ಟಬೇಕು. 2023ರ ನವೆಂಬರ್ ನಂತರ ವೈಯಕ್ತಿಕ ಅಕೌಂಟ್ ಮಾಡಿದವರು ಎಲ್ಲರಿಗೂ ಬಿಡುವ ಮೊದಲು ಕ್ಲೋಸ್ಡ್ ಟೆಸ್ಟ್, ಅಂದರೆ ಆಯ್ದ ಕೆಲವರಿಗೆ ಮಾತ್ರ ಕೊಟ್ಟು ಪರೀಕ್ಷೆ, ಮಾಡಲೇಬೇಕು. ಮೊದಲು 20 ಜನ ಬೇಕಿತ್ತು, ಆಮೇಲೆ 12ಕ್ಕೆ ಇಳಿಸಿದರು, ಅವರು ಸತತ 14 ದಿನ ಟೆಸ್ಟ್‌ನಲ್ಲಿ ಇರಬೇಕು. ಹುಡುಗರು ಇದನ್ನು ತಲೆನೋವು ಅಂತಾರೆ. ನನಗೆ ಅದು ಒಳ್ಳೆಯದೇ ಅನ್ನಿಸಿತು, ಹೇಗೂ 12 ಜನರ ಹತ್ತಿರ ಆಡಿಸಬೇಕಲ್ಲ. ಆದರೆ ಇದಕ್ಕೆಂದು ದುಡ್ಡು ಕೊಟ್ಟು ಟೆಸ್ಟರ್‌ಗಳನ್ನು ತರುವ ಕೆಲಸ ಮಾತ್ರ ಬೇಡ, ಅವರು ಆಟ ತೆರೆದೂ ನೋಡುವುದಿಲ್ಲ.

ಕಂಪ್ಯೂಟರ್ ಆಟ ಮಾರುವ ಸ್ಟೀಮ್ ಆಮೇಲಿನ ಮಾತು. ಅಲ್ಲಿ ಕೊಂಡು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಕೇಳಬಹುದು. ಚಿಕ್ಕ ಆಟಕ್ಕೆ ಇದನ್ನೂ ಯೋಚಿಸಬೇಕು.

ಫೀಡ್‌ಬ್ಯಾಕ್ ಹೇಗೆ ಕೇಳುವುದು? "ಚೆನ್ನಾಗಿದೆ" ಅಂತ ಬಿಟ್ಟು ಯಾರೂ ಏನೂ ಹೇಳಲ್ಲ.

"ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ" ಅಂತಲೇ ಹೇಳುತ್ತಾರೆ. ನಮ್ಮ ಜನ ಮುಖಕ್ಕೆ ಹೊಡೆದ ಹಾಗೆ ಹೇಳುವುದಿಲ್ಲ, ಅದು ಒಳ್ಳೆಯ ಗುಣವೇ, ಆದರೆ ಆಟ ಮಾಡುವವರಿಗೆ ಅದರಿಂದ ಉಪಯೋಗವಿಲ್ಲ. ಪ್ರಶ್ನೆ ಬದಲಾಯಿಸಿ. ಎಲ್ಲಿ ನಿಲ್ಲಿಸಿದಿರಿ? ನಿಲ್ಲಿಸುವ ಮುಂಚೆ ಏನಾಯಿತು? ಎರಡನೇ ಸಲ ತೆರೆದಿರಾ? ಇಂಥ ಪ್ರಶ್ನೆಗೆ ಸುಳ್ಳು ಹೇಳುವುದು ಕಷ್ಟ.

ಇನ್ನೂ ಒಳ್ಳೆಯ ದಾರಿ ಪಕ್ಕದಲ್ಲಿ ಕೂತು ನೋಡುವುದು. ಬಾಯಿ ಮುಚ್ಚಿಕೊಂಡು ನೋಡಬೇಕು. "ಅಲ್ಲಿ ಒತ್ತಿ" ಅಂತ ಹೇಳಿಕೊಟ್ಟರೆ ಮುಗಿಯಿತು, ನಿಮಗೆ ಏನೂ ಗೊತ್ತಾಗುವುದಿಲ್ಲ. ನನ್ನ ಅತ್ತೆ ಆಟ ತೆರೆದು ಎರಡು ನಿಮಿಷ ಸುಮ್ಮನೆ ನೋಡುತ್ತಾ ಕೂತಿದ್ದರು. ಅದು ವಿಡಿಯೋ ಅಂದುಕೊಂಡಿದ್ದರು. ತಟ್ಟಬೇಕು ಅಂತ ನಾವು ಎಲ್ಲೂ ಬರೆದಿರಲೇ ಇಲ್ಲ. ಆವತ್ತೇ ರಾತ್ರಿ ಮೊದಲ ಪರದೆಯಲ್ಲಿ ಒಂದು ಕೈ ಚಿತ್ರ ಹಾಕಿದೆವು.

ಇನ್ನೊಂದು ಮಾತು: ಫೋನ್ ನಂಬರ್, ವಯಸ್ಸು, ಊರು ಎಲ್ಲ ಕೇಳಬೇಡಿ. 2023ರ ವೈಯಕ್ತಿಕ ಡೇಟಾ ರಕ್ಷಣೆ ಕಾನೂನಿನಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳು, ಅವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು. ಸಂಗೀತದ ಆಟ ಆಡುವವರಲ್ಲಿ ಮಕ್ಕಳೂ ಇರುತ್ತಾರೆ. ಬೇಡದ್ದನ್ನು ಕೇಳದೇ ಇದ್ದರೆ ಅರ್ಧ ತಲೆಬಿಸಿ ಹೋಗುತ್ತದೆ.

ಸಂಗೀತ ಗೊತ್ತಿರುವವರು ಒಂದು ಹೇಳುತ್ತಾರೆ, ಗೊತ್ತಿಲ್ಲದವರು ಇನ್ನೊಂದು. ಯಾರ ಮಾತು ಕೇಳಲಿ?

ಇಬ್ಬರದೂ, ಬೇರೆ ಬೇರೆ ವಿಷಯಕ್ಕೆ. ಆಟ ಅರ್ಥವಾಗುತ್ತಿದೆಯಾ ಅನ್ನುವುದಕ್ಕೆ ಸಂಗೀತ ಗೊತ್ತಿಲ್ಲದವರ ಮಾತು. ಆಟ ಸರಿ ಹೇಳುತ್ತಿದೆಯಾ ಅನ್ನುವುದಕ್ಕೆ ಗೊತ್ತಿರುವವರ ಮಾತು.

ನಮ್ಮ ಮೊದಲ ಆಟದಲ್ಲಿ ಆದಿತಾಳದ ಎಂಟೂ ಅಕ್ಷರಕ್ಕೆ ಒಂದೇ ಥರ ತಟ್ಟಬೇಕಿತ್ತು. ಮೈಸೂರಿನಲ್ಲಿರುವ ಗೆಳೆಯನ ಸಂಗೀತದ ಟೀಚರ್‌ಗೆ ತೋರಿಸಿದೆವು. ಅವರು ಎರಡು ಆವರ್ತ, ಅಂದರೆ ತಾಳದ ಎರಡು ಪೂರ್ತಿ ಸುತ್ತು, ಆಡಿ ಫೋನು ಕೆಳಗಿಟ್ಟರು. "ಹುಸಿಗೆ ತಟ್ಟಬಾರದು ಕಣಪ್ಪಾ, ಕೈ ತಿರುಗಿಸಬೇಕು. ಇದನ್ನು ಆಡಿದ ಮಗು ನಾಳೆ ನನ್ನ ಹತ್ತಿರ ಬಂದು ಹುಸಿಗೂ ಹೊಡೆಯುತ್ತೆ. ಅದನ್ನು ಬಿಡಿಸೋಕೆ ನನಗೆ ಆರು ತಿಂಗಳು ಬೇಕು" ಅಂದರು. ನಿಜ. ಆದಿತಾಳ ಅಂದರೆ ನಾಲ್ಕು ಎಣಿಕೆಯ ಒಂದು ಲಘು, ಎರಡೆರಡು ಎಣಿಕೆಯ ಎರಡು ದ್ರುತ. ಲಘುವಿಗೆ ಒಂದು ಘಾತ (ತಟ್ಟು), ಮೂರು ಬೆರಳೆಣಿಕೆ. ದ್ರುತಕ್ಕೆ ಒಂದು ಘಾತ, ಒಂದು ಹುಸಿ. ನಾವು ಅದನ್ನು ಬರೀ ಎಂಟು ಎಣಿಕೆ ಮಾಡಿಬಿಟ್ಟಿದ್ದೆವು.

ಈಗ ಘಾತಕ್ಕೆ ದೊಡ್ಡ ವೃತ್ತ ತಟ್ಟಬೇಕು, ಎಣಿಕೆಗೆ ಮೂರು ಚಿಕ್ಕ ವೃತ್ತ, ಹುಸಿಗೆ ಬೆರಳನ್ನು ಮೇಲಕ್ಕೆ ಜಾರಿಸಬೇಕು. ಆಟ ಮೊದಲಿಗಿಂತ ಕಷ್ಟವಾಯಿತು, ಆದರೆ ಮಜಾ ಕೂಡ ಜಾಸ್ತಿಯಾಯಿತು. ಅವರ ಆ ಎರಡು ಮಾತು ನಮ್ಮ ಆರು ತಿಂಗಳ ಕೆಲಸಕ್ಕಿಂತ ದೊಡ್ಡದು ಅಂತ ಇವತ್ತಿಗೂ ಹೇಳುತ್ತೇನೆ. ಆಮೇಲೆ ಮಿಶ್ರಛಾಪು, ಖಂಡಛಾಪು ತಾಳಗಳನ್ನು ಸೇರಿಸುವಾಗ ಮೊದಲು ಅವರ ಮನೆಗೆ ಹೋದೆವು, ಕೋಡ್ ಆಮೇಲೆ.

ಒಂದು ಸ್ಟಾರ್ ಕೊಟ್ಟು ಬೈದಿದ್ದಾರೆ. ಏನು ಮಾಡಲಿ?

ಒಂದು ದಿನ ಬಿಟ್ಟು ಓದಿ. ಬೈಗುಳ ತೆಗೆದು ಉಳಿದಿದ್ದು ಏನು ಅಂತ ನೋಡಿ. ನಾನು ಮೇಲೆ ಹೇಳಿದ "ಆಟ ಮೋಸ" ಅನ್ನುವ ಮಾತೇ ನಮಗೆ ಬ್ಲೂಟೂತ್ ತೊಂದರೆ ತೋರಿಸಿದ್ದು. ಸರಿ ಮಾಡಿದ ಮೇಲೆ ಆ ರಿವ್ಯೂ ಕೆಳಗೇ ಉತ್ತರ ಬರೆಯಿರಿ, ವಾದ ಬೇಡ, "ನೀವು ಹೇಳಿದ್ದು ಸರಿ, ಇದು ಕಾರಣ, ಈಗ ಹೀಗೆ ಮಾಡಿದ್ದೇವೆ, ಮತ್ತೊಮ್ಮೆ ಆಡಿ ನೋಡುತ್ತೀರಾ" ಅಂತ ಅಷ್ಟೇ. ಕೆಲವರು ಬಂದು ಸ್ಟಾರ್ ಬದಲಾಯಿಸಿದರು. ಬದಲಾಯಿಸದಿದ್ದರೂ ಪರವಾಗಿಲ್ಲ, ಹೊಸಬರು ಓದುತ್ತಾರೆ.

ಸ್ನೇಹಿತರ ಹತ್ತಿರ ಐದು ಸ್ಟಾರ್ ಹಾಕಿಸಿಕೊಳ್ಳಬಹುದಾ?

ಬೇಡ. ಆಡಿದ ಸ್ನೇಹಿತರು ತಮಗೆ ಅನ್ನಿಸಿದ್ದು ಬರೆದರೆ ಸರಿ. ಆಡದೇ ಬರೆಯುವುದು ತಪ್ಪು, ದುಡ್ಡು ಕೊಟ್ಟು ಬರೆಸುವುದು ಇನ್ನೂ ತಪ್ಪು. ಆನ್‌ಲೈನ್ ರಿವ್ಯೂ ಹೇಗಿರಬೇಕು ಅಂತ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಐಎಸ್ 19000 ಅಂತ ಒಂದು ಮಾನದಂಡವನ್ನೇ ತಂದಿದೆ. ಅದೆಲ್ಲ ಬಿಡಿ, ಸುಳ್ಳು ಹೊಗಳಿಕೆಯಿಂದ ನಿಮಗೇ ನಷ್ಟ. ನಿಜವಾದ ದೂರು ಅದರಡಿ ಮುಚ್ಚಿಹೋಗುತ್ತದೆ.

"ಮ್ಯೂಸಿಕ್ ಆ್ಯಪ್‌ಗೆ, ಗೇಮ್‌ಗೆ ರೇಟಿಂಗ್ ಕೊಡಿ, ಮನೆಯಲ್ಲೇ ಕೂತು ದಿನಾ ಹಣ ಗಳಿಸಿ" ಅಂತ ಟೆಲಿಗ್ರಾಂನಲ್ಲಿ ಬಂದಿದೆ. ಮಾಡಲಾ?

ಬೇಡ, ಬೇಡ, ಬೇಡ. ಇದು ಕೆಲಸವಲ್ಲ, ಟಾಸ್ಕ್ ಮೋಸ. ಮೊದಲು ನೂರೋ ಇನ್ನೂರೋ ನಿಜವಾಗಿ ಹಾಕುತ್ತಾರೆ. ನಂಬಿಕೆ ಬಂದ ಮೇಲೆ "ಮುಂದಿನ ಟಾಸ್ಕ್‌ಗೆ ಸ್ವಲ್ಪ ಹಣ ಕಟ್ಟಿ, ಲಾಭದ ಜೊತೆ ವಾಪಸ್ ಬರುತ್ತೆ" ಅಂತಾರೆ. ಪರದೆ ಮೇಲೆ ನಿಮ್ಮ ಹಣ ಬೆಳೆಯುತ್ತಾ ಹೋಗುತ್ತದೆ, ತೆಗೆಯಲು ಹೋದರೆ ಬರುವುದಿಲ್ಲ. ಕೆಲಸಕ್ಕೆ ಹಣ ಕೇಳಿದರೆ, ಅದು ಟ್ರೇನಿಂಗ್ ಫೀ ಆಗಲಿ, ಲ್ಯಾಪ್‌ಟಾಪ್ ಡೆಪಾಸಿಟ್ ಆಗಲಿ, ಅಲ್ಲಿಗೇ ನಿಲ್ಲಿಸಿ. ಹಣ ಹೋಗಿದ್ದರೆ ನಾಚಿಕೆ ಪಡಬೇಡಿ, ಮನೆಯಲ್ಲಿ ಹೇಳಲು ಹೆದರಿ ದಿನ ಕಳೆಯಬೇಡಿ, ತಕ್ಷಣ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಹಣ ತಡೆಹಿಡಿಯುವ ಸಾಧ್ಯತೆ ಅಷ್ಟು ಜಾಸ್ತಿ. ಸೈಬರ್‌ಕ್ರೈಂ ಡಾಟ್ ಗವ್ ಡಾಟ್ ಇನ್‌ನಲ್ಲಿ ಲಿಖಿತ ದೂರು ಕೊಡಬಹುದು.

ಸೈಟ್‌ನಲ್ಲಿ ಕಂಡ ಕಂಪನಿ ನಿಜವಾಗಿಯೂ ಇದೆಯಾ ಅಂತ ಹೇಗೆ ತಿಳಿಯುವುದು?

ಪ್ರೈವೇಟ್ ಲಿಮಿಟೆಡ್ ಕಂಪನಿಗೆ 21 ಅಕ್ಷರ-ಅಂಕಿಗಳ ಒಂದು ಗುರುತಿನ ಸಂಖ್ಯೆ, ಸಿಐಎನ್, ಇರುತ್ತದೆ. ಕಂಪನಿ ವ್ಯವಹಾರಗಳ ಸಚಿವಾಲಯದ ಸೈಟಿನಲ್ಲಿ ಹಾಕಿ ನೋಡಿ. ಆ ನಂಬರಿನೊಳಗೇ ರಾಜ್ಯ ಇರುತ್ತದೆ, ಕರ್ನಾಟಕಕ್ಕೆ ಕೆಎ. ಅದರ ಮುಂದೆ ನೋಂದಣಿಯಾದ ವರ್ಷ. "ನಾವು ಹತ್ತು ವರ್ಷದಿಂದ ಇದ್ದೇವೆ" ಅಂದವರ ನಂಬರಿನಲ್ಲಿ ಕಳೆದ ವರ್ಷ ಇದ್ದರೆ ಯಾಕೆ ಅಂತ ಕೇಳಿ. ಆಫರ್ ಲೆಟರ್ ಬಂದ ಇಮೇಲ್ ವಿಳಾಸ ಕಂಪನಿಯದೇ ಡೊಮೇನಾ ಅಥವಾ ಬರೀ ಜಿಮೇಲಾ, ಅದನ್ನೂ ನೋಡಿ.

ಆಟಕ್ಕೆ ಸಿನಿಮಾ ಹಾಡು ಹಾಕಬಹುದಾ? 30 ಸೆಕೆಂಡ್ ಅಷ್ಟೇ.

30 ಸೆಕೆಂಡ್ ಪರವಾಗಿಲ್ಲ ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಸಾಹಿತ್ಯ, ಸಂಗೀತ ಬರೆದವರ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಹಕ್ಕು ಇರುತ್ತದೆ. ಧ್ವನಿಮುದ್ರಣಕ್ಕೆ ಅದು ಹೊರಬಂದ ಮೇಲೆ 60 ವರ್ಷ. ಪುರಂದರದಾಸರ ಪಿಳ್ಳಾರಿ ಗೀತೆಗೆ ಹಕ್ಕು ಯಾರದೂ ಅಲ್ಲ, ನೀವು ಹಾಡಿ ಹಾಕಬಹುದು. ಆದರೆ ಅದನ್ನು ಇತ್ತೀಚೆಗೆ ಒಬ್ಬರು ಹಾಡಿ ಮಾಡಿದ ರೆಕಾರ್ಡಿಂಗ್ ಎತ್ತಿ ಹಾಕುವ ಹಾಗಿಲ್ಲ. ನಮ್ಮ ಆಟದಲ್ಲಿರುವುದು ಗೆಳೆಯನ ಅಕ್ಕನ ಧ್ವನಿ, ಮನೆಯಲ್ಲೇ ಫ್ಯಾನ್ ಆರಿಸಿ ರೆಕಾರ್ಡ್ ಮಾಡಿದ್ದು.

ನಮ್ಮ ಆಟ ಯಾರಾದರೂ ದೊಡ್ಡವರು ಕೊಂಡರೆ ಒಳ್ಳೆಯದಲ್ವಾ?

ಮಾಡಿದವರಿಗೆ ಒಳ್ಳೆಯದಾಗಬಹುದು. ಆಡುವವರಿಗೆ ಏನಾಗುತ್ತದೆ ಅನ್ನುವುದಕ್ಕೆ ಹರ್ಡಲ್ ನೋಡಿ. ಹಾಡಿನ ಶುರುವಿನ ಒಂದು ಸೆಕೆಂಡ್ ಕೇಳಿ ಯಾವ ಹಾಡು ಅಂತ ಹೇಳುವ ಆಟ, ಆರು ಅವಕಾಶ, ದಿನಕ್ಕೊಂದು ಹಾಡು. 2022ರಲ್ಲಿ ಜೋರಾಗಿ ಹಬ್ಬಿತು. ಅದೇ ವರ್ಷ ಜುಲೈನಲ್ಲಿ ಸ್ಪಾಟಿಫೈ ಕೊಂಡಿತು. ಕೊಂಡ ಮೇಲೆ ಕೆಲವೇ ದೇಶಗಳಲ್ಲಿ ಮಾತ್ರ ಸಿಗುವಂತಾಯಿತು, ಎಷ್ಟೋ ಜನ ತಮ್ಮ ಹಳೆಯ ಸ್ಕೋರ್ ಹೋಯಿತು ಅಂತ ದೂರಿದರು. 2023ರ ಮೇ ತಿಂಗಳಲ್ಲಿ ಸ್ಪಾಟಿಫೈ ಅದನ್ನು ಮುಚ್ಚಿತು. ದಿನಾ ಬೆಳಿಗ್ಗೆ ಕಾಫಿ ಜೊತೆ ಆಡುತ್ತಿದ್ದವರಿಗೆ ಸ್ಕೋರ್ ಅಂದರೆ ಬರೀ ನಂಬರ್ ಆಗಿರಲಿಲ್ಲ. ನಮ್ಮ ಆಟದಲ್ಲಿ ಸ್ಕೋರ್ ಫೈಲ್ ಆಗಿ ಇಳಿಸಿಕೊಳ್ಳುವ ಬಟನ್ ಇಟ್ಟಿರುವುದು ಅದನ್ನು ನೋಡಿಯೇ.

2025ರ ಆನ್‌ಲೈನ್ ಗೇಮ್ ಕಾನೂನಿನಿಂದ ನಮ್ಮ ಆಟಕ್ಕೆ ತೊಂದರೆಯಾ?

ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು ಆ ಆಗಸ್ಟ್‌ನ ಕಾನೂನು ನಿಷೇಧಿಸಿತು, ಅಂಥ ಕಂಪನಿಗಳಲ್ಲಿ ಬಹಳ ಜನರ ಕೆಲಸವೂ ಹೋಯಿತು. ಸುಮ್ನೆ ತಾಳ ತಟ್ಟುವ ಆಟದಲ್ಲಿ ಪಣವೇ ಇಲ್ಲ, ಅದು ಆ ನಿಷೇಧಕ್ಕೆ ಬರುವುದಿಲ್ಲ. ಆದರೆ ಹಳೆಯ ಕೆಲಸದ ಜಾಹೀರಾತಿನಲ್ಲಿ "ರಿಯಲ್ ಮನಿ" ಅಂತಿದ್ದರೆ ಕಂಪನಿ ಈಗ ಏನು ಮಾಡುತ್ತಿದೆ ಅಂತ ಕೇಳಿಕೊಂಡು ಮುಂದುವರಿಯಿರಿ.

ನನಗೆ ಕೋಡ್ ಬರಲ್ಲ, ಬರೀ ಆಡುತ್ತೇನೆ. ನನಗೇನು ದಾರಿ?

ಚೆನ್ನಾಗಿ ದೂರು ಬರೆಯುವುದನ್ನು ಕಲಿಯಿರಿ. ನಾನು ನಿಜವಾಗಿ ಹೇಳುತ್ತಿದ್ದೇನೆ. "ಆಟ ಕೆಲಸ ಮಾಡ್ತಿಲ್ಲ" ಅನ್ನುವವರು ನೂರು ಜನ. "ಈ ಫೋನು, ಈ ಬ್ರೌಸರ್, ಈ ತಾಳ, ಮೂರನೇ ಆವರ್ತದಲ್ಲಿ ಹುಸಿಗೆ ಜಾರಿಸಿದಾಗ ಪುಟವೇ ಕೆಳಗೆ ಸರಿಯುತ್ತದೆ, ಐದು ಸಲ ಮಾಡಿದೆ, ಐದು ಸಲವೂ ಆಯಿತು" ಅಂತ ಬರೆಯುವವರು ಒಬ್ಬರೋ ಇಬ್ಬರೋ. ಹಾಗೆ ಬರೆದ ಹುಬ್ಬಳ್ಳಿಯ ಒಬ್ಬರು ಈಗ ಒಂದು ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸದಲ್ಲಿದ್ದಾರೆ, ಅರ್ಜಿಯ ಜೊತೆ ನಮಗೆ ಬರೆದ ದೂರುಗಳನ್ನೇ ಇಟ್ಟಿದ್ದರು.

ಅಭ್ಯಾಸಕ್ಕೆ ಓಸು ಒಳ್ಳೆಯ ಜಾಗ. ಆಸ್ಟ್ರೇಲಿಯಾದ ಡೀನ್ ಹರ್ಬರ್ಟ್ ಶುರು ಮಾಡಿದ ಆಟ, ಅದರ ಹೊಸ ಆವೃತ್ತಿಯ ಕೋಡ್, ಕೋಡ್ ಇಡುವ ಸೈಟಾದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿದೆ. ಜನ ಬರೆದ ದೂರು, ಅದಕ್ಕೆ ಬಂದ ಉತ್ತರ, ಆಮೇಲೆ ಆದ ಬದಲಾವಣೆ, ಎಲ್ಲ ಓದಬಹುದು. ಒಂದು ವಾರ ಸುಮ್ಮನೆ ಓದಿ, ಆಮೇಲೆ ಬರೆಯಿರಿ.

ರೆಸ್ಯೂಮೆಯಲ್ಲಿ ಆಟದ ಬಗ್ಗೆ ಹೇಗೆ ಬರೆಯಲಿ?

ಮೂರು ಸಾಲು ಸಾಕು. ಏನು ಮಾಡಿದಿರಿ ಮತ್ತು ಲಿಂಕ್. ಆಡಿದವರು ಏನು ಹೇಳಿದರು. ಅದರಿಂದ ಏನು ಬದಲಾಯಿಸಿದಿರಿ. "ರಿಯಾಕ್ಟ್, ನೋಡ್, ಮಾಂಗೋ ಬಳಸಿದ್ದೇನೆ" ಅಂತ ಎಲ್ಲರೂ ಬರೆಯುತ್ತಾರೆ. "ಬ್ಲೂಟೂತ್‌ನವರ ದೂರಿನಿಂದ ತಡ ಅಳೆಯುವ ಪರದೆ ಮಾಡಿದೆ" ಅಂತ ನೀವೊಬ್ಬರೇ ಬರೆಯಬಲ್ಲಿರಿ. ನಂಬರ್ ಉಬ್ಬಿಸಬೇಡಿ, 63 ಜನ ಆಡಿದ್ದರೆ 63 ಅಂತಲೇ ಬರೆಯಿರಿ.

ಅಸೈನ್‌ಮೆಂಟ್ ಕೊಟ್ಟಿದ್ದಾರೆ, ಒಂದು ವಾರದ ಕೆಲಸ, ಸಂಬಳ ಇಲ್ಲ. ಮಾಡಲಾ?

ನಾನೂ ಒಂದು ಕಡೆ ಎಂಟು ದಿನ ಕೂತು ಮಾಡಿದ್ದೆ. ಕಳಿಸಿದ ಮೇಲೆ ಒಂದು ಸಾಲಿನ ಉತ್ತರವೂ ಬರಲಿಲ್ಲ. ತುಂಬಾ ಬೇಜಾರಾಯಿತು. ಈಗ ಕೇಳಿದವರಿಗೆ ಹೇಳುವುದು ಇಷ್ಟು: ಮೂರು ನಾಲ್ಕು ಗಂಟೆಯದಾದರೆ ಮಾಡಿ. ಅದಕ್ಕಿಂತ ಜಾಸ್ತಿ ಆದರೆ "ನನ್ನ ಆಟದ ಕೋಡ್ ಇಲ್ಲಿದೆ, ಇದನ್ನೇ ನೋಡಿ ಒಟ್ಟಿಗೆ ಕೂತು ಮಾತಾಡೋಣವೇ ಸರ್" ಅಂತ ಕೇಳಿ. ನಾನು ಹೀಗೆ ಕೇಳಿದ ಮೂರು ಕಡೆಯಲ್ಲಿ ಎರಡು ಕಡೆ ಒಪ್ಪಿದರು.

ಸಂಬಳ ಕಡಿಮೆ, ಇಸಾಪ್ ಕೊಡುತ್ತೇವೆ ಅಂತಾರೆ. ಒಪ್ಪಲಾ?

ಇಸಾಪ್ ಅಂದರೆ ಮುಂದೆ ಒಂದು ನಿಗದಿ ಬೆಲೆಗೆ ಕಂಪನಿಯ ಷೇರು ಕೊಳ್ಳುವ ಹಕ್ಕು. ಸಾಮಾನ್ಯವಾಗಿ ನಾಲ್ಕು ವರ್ಷದಲ್ಲಿ ಸ್ವಲ್ಪ ಸ್ವಲ್ಪವೇ ನಿಮ್ಮದಾಗುತ್ತದೆ. ಭಾರತದ ಕಂಪನಿ ಕಾನೂನಿನ ಪ್ರಕಾರ ಮೊದಲ ಒಂದು ವರ್ಷ ಏನೂ ನಿಮ್ಮದಾಗುವುದಿಲ್ಲ. ಮುಂಚೆಯೇ ಮೂರು ಪ್ರಶ್ನೆ ಕೇಳಿ: ಕೊಳ್ಳುವ ಬೆಲೆ ಎಷ್ಟು? ಒಟ್ಟು ಷೇರು ಎಷ್ಟರಲ್ಲಿ ನನ್ನದು ಎಷ್ಟು? ಕೆಲಸ ಬಿಟ್ಟರೆ ಕೊಳ್ಳಲು ಎಷ್ಟು ದಿನ ಸಮಯ ಕೊಡುತ್ತೀರಿ? ಸಾಮಾನ್ಯವಾಗಿ ಕೊಳ್ಳುವಾಗಲೇ ಅದರ ಲಾಭ ಸಂಬಳದ ಹಾಗೆ ತೆರಿಗೆಗೆ ಬರುತ್ತದೆ, ಷೇರು ಮಾರಿ ಹಣ ಕೈಗೆ ಬರುವ ಮುಂಚೆಯೇ. ಮನೆ ಬಾಡಿಗೆ, ಅಪ್ಪ ಅಮ್ಮನಿಗೆ ಕಳಿಸುವ ಹಣ ಇವೆಲ್ಲ ಸಂಬಳದಲ್ಲೇ ನಡೆಯಬೇಕು. ಅಷ್ಟಕ್ಕೆ ಸಾಲದ ಸಂಬಳವಾದರೆ ಇಸಾಪ್ ಎಷ್ಟಿದ್ದರೂ ನಾನು ಬೇಡ ಅಂತಲೇ ಹೇಳುತ್ತೇನೆ.

ಐವತ್ತು ಕಡೆ ಅರ್ಜಿ ಹಾಕಿದೆ, ಯಾರೂ ಉತ್ತರ ಕೊಡುತ್ತಿಲ್ಲ.

ಐವತ್ತು ನಿಲ್ಲಿಸಿ ಐದು ಮಾಡಿ. ಆ ಐದು ಕಂಪನಿಯ ಆ್ಯಪ್ ಅಥವಾ ಸೈಟ್ ಒಂದೊಂದು ಗಂಟೆ ಬಳಸಿ. ಎಲ್ಲಿ ಸಿಕ್ಕಿಕೊಂಡಿರಿ ಅಂತ ಬರೆದುಕೊಳ್ಳಿ, ನಮ್ಮ ಆಟಕ್ಕೆ ಒಳ್ಳೆಯ ದೂರು ಬರೆದವರ ಹಾಗೆ, ಫೋನು, ಬ್ರೌಸರ್, ಎಷ್ಟು ಸಲ, ಎಲ್ಲ. ಅದನ್ನು ಅರ್ಜಿಯ ಮೊದಲ ಪ್ಯಾರಾದಲ್ಲಿ ಮರ್ಯಾದೆಯಿಂದ ಹಾಕಿ, ಕೆಳಗೆ ನಿಮ್ಮ ಲಿಂಕ್. ನಾನು ಕೆಲಸ ಮಾಡುವ ಕಡೆ ಹೀಗೆ ಬಂದ ಒಂದು ಇಮೇಲ್‌ಗೆ ಅದೇ ಮಧ್ಯಾಹ್ನ ಉತ್ತರ ಹೋಯಿತು, ಏಕೆಂದರೆ ಅದರಲ್ಲಿ ತೋರಿಸಿದ್ದ ತಪ್ಪನ್ನು ನಾವು ಮೊದಲು ಸರಿ ಮಾಡಲೇಬೇಕಿತ್ತು.